ಅಂಗಾಲ ಹುಣ್ಣಿಗೆ ಕನ್ನಡಿ

ಕನ್ನಡಿಯಕ್ಕನ ಜೊತೆ ಜಗಳಕ್ಕೆ ನಿಂತವರು ಮೊದಲು ಮಾಡುವ ತಪ್ಪು ಒಂದೇ: ಅವಳು ಈಗ ಕೂಗಾಡುತ್ತಾಳೆ ಎಂದು ಕಾಯುವುದು. ಅವಳು ಕೂಗಾಡುವವಳಲ್ಲ. ಕೈಕಟ್ಟಿ, ತಲೆ ಒಂದು ಕಡೆ ವಾಲಿಸಿ, "ಹೌದಾ? ಹಾಗಾದ್ರೆ ತೋರಿಸಿ" ಅನ್ನುತ್ತಾಳೆ. ಆಮೇಲೆ ಅಲ್ಲಿಂದ ಕದಲುವುದಿಲ್ಲ. ಬೀದಿಯವರು ಅವಳನ್ನು ಜಗಮೊಂಡಿ ಅಂದರು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವಳು ಅಂದರು. ಅವಳ ಮೈದುನನನ್ನು ಕೇಳಿದರೆ ಮಾತ್ರ, "ಹಾಗೇನಿಲ್ಲ, ಅತ್ತಿಗೆ ಮೊಲಾನ ತಿರುಗಿಸಿ ಕಾಲು ಎಣಿಸಿಯೇ ಹೇಳ್ತಾರೆ. ನೀವೇ ಎಣಿಸಿರಲ್ಲ" ಅನ್ನುತ್ತಾನೆ.

ಅವಳು ಗಾಜಿನ ಅಂಗಡಿಯ ಸೊಸೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ಗೋಡೆಗುಂಟ ಮರದ ಚೌಕಟ್ಟುಗಳಲ್ಲಿ ಗಾಜುಗಳು ಅಂಚಿನ ಮೇಲೆ ನಿಂತಿರುತ್ತವೆ. ನಡುವೆ ಹಳೇ ಕಂಬಳಿ ಹೊದಿಸಿದ ದೊಡ್ಡ ಮೇಜು. ಅದರ ಮೇಲೆ ಅವಳ ಗಂಡ ಗಾಜು ಕೊಯ್ಯುತ್ತಾನೆ. ಬಾಗಿಲ ಬಳಿ ಅತ್ತೆ ಮಣೆ ಹಾಕಿಕೊಂಡು ಕನ್ನಡಿಗಳ ಮೂಲೆಗೆ ರಟ್ಟು ಸುತ್ತುತ್ತಾ, ಹೋಗಿಬರುವವರಿಗೆ ಪುಕ್ಕಟೆಯಾಗಿ ಗಾದೆ ಹಂಚುತ್ತಾ ಕೂತಿರುತ್ತಾಳೆ. ಮಾಲು ತಲುಪಿಸುವ ಕೆಲಸ ಕನ್ನಡಿಯಕ್ಕನದು. ಮದುವೆಯಾಗಿ ಬಂದ ಹೊಸದರಲ್ಲಿ ಬಾಡಿಗೆ ಡ್ರೈವರುಗಳು ದಾರಿಯಲ್ಲಿ ಒಡೆದ ಗಾಜಿಗೆಲ್ಲ ಗುಂಡಿಯನ್ನೋ ನಾಯಿಯನ್ನೋ ಹೊಣೆ ಮಾಡುವುದನ್ನು ನೋಡಿ ನೋಡಿ ರೋಸಿಹೋಗಿ, ತಾನೇ ಸ್ಟೀರಿಂಗ್ ಹಿಡಿದಳು. "ಹೆಂಗಸು ಗಾಜಿನ ಗಾಡಿ ಓಡಿಸ್ತಾಳಂತೆ, ಊರೆಲ್ಲ ಚೂರು ಚೂರು" ಎಂದು ನಕ್ಕವರ ಮನೆಗೂ ಅವಳೇ ಕನ್ನಡಿ ಇಳಿಸಿ ಬಂದಳು. ದೊಡ್ಡ ಕನ್ನಡಿಯನ್ನು ಎದೆಗೆ ಒತ್ತಿ ಹಿಡಿದು ಅವಳು ಬರುವಾಗ ಜನಕ್ಕೆ ಮೊದಲು ಕಾಣುತ್ತಿದ್ದುದು ಅವರವರ ಮುಖ, ಆಮೇಲೆ ಅಂಚಿನಲ್ಲಿ ಅವಳ ಬೆರಳು. ಕನ್ನಡಿಯಕ್ಕ ಅನ್ನುವ ಹೆಸರು ಹಾಗೆ ಅಂಟಿಕೊಂಡಿತು.

ತೀರಿಹೋದ ಮಾವ ಅವಳಿಗೆ ಕಲಿಸಿದ್ದು ಒಂದೇ ಪಾಠ. "ಕನ್ನಡಿ ಕೊಳ್ಳೋರು ಮುಖ ನೋಡ್ತಾರಮ್ಮ. ಮಾರೋರು ಬೆನ್ನು ನೋಡಬೇಕು." ಕನ್ನಡಿ ಕೆಡುವುದು ಯಾವತ್ತೂ ಹಿಂದಿನಿಂದಲೇ. ತೇವ ಹಿಂಬದಿಯ ಲೇಪಕ್ಕೆ ಹತ್ತಿ, ಕೆಳಗಿನ ಅಂಚಿನಿಂದ ಮೆಲ್ಲಗೆ ತಿನ್ನುತ್ತಾ ಬರುತ್ತದೆ. ಮುಂದೆ ಕಪ್ಪು ಚುಕ್ಕೆ ಕಂಡಿತು ಅನ್ನುವ ಹೊತ್ತಿಗೆ ಕಥೆ ಮುಗಿದಿರುತ್ತದೆ. ಈ ಪಾಠವನ್ನು ಅವಳು ಕನ್ನಡಿಗಷ್ಟೇ ಇಟ್ಟುಕೊಂಡಳು, ಗಾಡಿಗೆ ಹಚ್ಚಲಿಲ್ಲ. ಅದಕ್ಕೆ ದಂಡ ತೆತ್ತವನು ಮೈದುನ.

ಮೈದುನ ಕನ್ನಡಿಯ ಮೇಲೆ ಹೂಬಳ್ಳಿ ಕೆತ್ತುತ್ತಿದ್ದ. ವಜ್ರದ ಮೊನೆಯ ಕಡ್ಡಿ ಹಿಡಿದು ಕೂತನೆಂದರೆ ಗಾಜಿನ ಮೇಲೆ ಉಸಿರಾಡಿದಷ್ಟು ಹಗುರವಾಗಿ ಎಲೆ, ಮೊಗ್ಗು, ಹಕ್ಕಿ. ಅದನ್ನೇ ಕೇಳಿಕೊಂಡು ದೂರದಿಂದ ಜನ ಬರುತ್ತಿದ್ದರು. ಆಗ ಅವರ ಹತ್ತಿರ ಇದ್ದದ್ದು ಯಾರೋ ಓಡಿಸಿ ಬಿಟ್ಟ ಹಳೇ ಪಿಕಪ್. ಮಾರಿದವನು, "ಅಡಿ ನೋಡಿ ಅಕ್ಕ, ಹೇಗೆ ಮಿರಮಿರ ಮಿಂಚ್ತಿದೆ" ಎಂದು ತೋರಿಸಿದ್ದ. ಮಿಂಚುತ್ತಿತ್ತು ನಿಜ. ಹೊಸದಾಗಿ ಬಳಿದ ಕರಿಬಣ್ಣ. ಮೇಲೆ ಥಳಕು, ಒಳಗೆ ಹುಳುಕು. ಒಂದು ಮಧ್ಯಾಹ್ನ ಏರುದಾರಿಯಲ್ಲಿ ಆ ಬಣ್ಣದ ಕೆಳಗೆ ತಿಂದುಹೋಗಿದ್ದ ಕಬ್ಬಿಣ ಲಟಕ್ಕೆಂದು ಮುರಿದು, ಹಿಂದಿನ ನೆಲ ಒಂದು ಕಡೆ ಕುಸಿಯಿತು. ಗಾಜಿನ ಚೌಕಟ್ಟು ವಾಲಿತು. ಹಿಂದೆ ನಿಂತಿದ್ದ ಮೈದುನ ಬಿಟ್ಟು ಹಾರಿದ್ದರೆ ಗಾಜು ಹೋಗುತ್ತಿತ್ತು, ಅಷ್ಟೇ. "ಬಿಡೋ! ಬಿಟ್ಟುಬಿಡೋ!" ಎಂದು ಅವಳು ಕೂಗಿದಳು. ಅವನು ಬಿಡಲಿಲ್ಲ. ಬಲಗೈಯ ಎರಡು ಬೆರಳು ಅವತ್ತಿನಿಂದ ಮಡಚುವುದಿಲ್ಲ.

ಅವನು ಒಂದು ದಿನವೂ ಆಡಿ ತೋರಿಸಲಿಲ್ಲ. ಗಾಡಿಯ ಹಿಂದೆ ನಿಲ್ಲುವುದನ್ನೂ ಬಿಡಲಿಲ್ಲ. ಬಿಟ್ಟದ್ದು ವಜ್ರದ ಕಡ್ಡಿಯನ್ನು ಮಾತ್ರ. ಅದು ಅಣ್ಣನ ಅಂಗಿಜೇಬು ಸೇರಿತು. ಕನ್ನಡಿಯಕ್ಕನಿಗೆ ಊಟಕ್ಕೆ ಕೂತಾಗಲೆಲ್ಲ ಆ ಬೆರಳು ಕಣ್ಣಿಗೆ ಬೀಳುತ್ತಿತ್ತು. ಇನ್ನು ಈ ಮನೆಗೆ ಬಣ್ಣ ಬಳಿದ ಕಬ್ಬಿಣ ಬರಕೂಡದು, ಇವನು ನಿಲ್ಲುವುದು ಗಟ್ಟಿ ನೆಲದ ಮೇಲೆ ಎಂದು ಅವಳು ಹಟ ಹಿಡಿದಳು. ಹಟದಿಂದಲೇ ಕೊನೆಗೊಮ್ಮೆ ಶೋರೂಮಿನಿಂದ ನೇರವಾಗಿ, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದ, ನೀಲಿ ಬಣ್ಣದ ಹೊಚ್ಚಹೊಸ ಪಿಕಪ್ ಬಂತು. ಅತ್ತೆ ಬಾಗಿಲಲ್ಲೇ ನಿಂತು ಅದರ ದೀಪ, ಬಾಗಿಲು, ಹಿಡಿಕೆ ಎಲ್ಲ ಸವರಿ, "ನನ್ನ ಸೊಸೆಗಿಂತ ಲಕ್ಷಣವಾಗಿದೆ" ಅಂದಳು. ಸೊಸೆ ಹೌದೆಂದು ಒಪ್ಪಿಕೊಂಡಳು.

ತುಕ್ಕು ಕಂಡದ್ದು ಕ್ಷೌರದ ಅಂಗಡಿಯ ಮುಂದೆ. ಗಾಡಿ ಬಂದು ಇನ್ನೂ ವಾಸನೆ ಆರಿರಲಿಲ್ಲ. ಕ್ಷೌರಿಕನಿಗೆ ಗೋಡೆಯುದ್ದದ ಕನ್ನಡಿ ತಂದಿದ್ದರು. ಅತ್ತಿಗೆ ಮೈದುನ ಅದನ್ನು ಇಳಿಸಿ ಮೆಟ್ಟಿಲಿಗೆ ಒರಗಿಸಿ ಉಸಿರು ತೆಗೆದುಕೊಳ್ಳುತ್ತಿದ್ದಾಗ, ಕ್ಷೌರಿಕ ಕನ್ನಡಿಯೊಳಗೆ ಇಣುಕಿ, "ಇದೇನಕ್ಕ, ಹೊಸ ಗಾಡಿ ಹೊಟ್ಟೆಗೆ ಮದರಂಗಿ ಹಚ್ಚಿಸಿದ್ದೀರಾ?" ಅಂದ.

ಅವನ ಮಾತೇ ತಲೆಹರಟೆ ಎಂದು ನಗುತ್ತಲೇ ಕನ್ನಡಿಯಕ್ಕ ನೋಡಿದಳು. ವಾಲಿದ ಕನ್ನಡಿಯಲ್ಲಿ ಅವಳ ಗಾಡಿಯ ಅಡಿ ಕಾಣುತ್ತಿತ್ತು. ಕೆಂಪಗೆ. ನಗು ಹಾಗೇ ಸತ್ತಿತು. ಹಾಕಿದ ಬಟ್ಟೆಯಲ್ಲೇ ನೆಲಕ್ಕೆ ಬಿದ್ದು ಗಾಡಿಯ ಕೆಳಗೆ ತೂರಿಕೊಂಡಳು. ಉದ್ದಕ್ಕೆ ಹೋದ ಚಾಸಿಯ ಪಟ್ಟಿಗಳು, ಅಡ್ಡ ಪಟ್ಟಿಗಳು, ಸ್ಪ್ರಿಂಗ್ ಕೂತ ಜಾಗ, ಬೋಲ್ಟಿನ ತಲೆಗಳು, ಎಲ್ಲ ಕಡೆ ತುಕ್ಕು. ಉಗುರಲ್ಲಿ ಕೆರೆದರೆ ಹಕ್ಕಳೆ ಹಕ್ಕಳೆಯಾಗಿ ಉದುರಿ ಕಣ್ಣಿಗೆ ಬಿತ್ತು. ಒಂದು ಮಟ್ಟದಿಂದ ಮೇಲಕ್ಕೆ ಮಾತ್ರ ಬಣ್ಣ ಹೊಸದಾಗಿಯೇ ಇತ್ತು. ನಡುವೆ ಗೆರೆ ಎಳೆದಂತೆ ಒಂದು ಅಂಚು. ನೀರು ನಿಂತ ಗೆರೆ. ಪಟ್ಟಿಯೊಂದರ ಟೊಳ್ಳಿನಿಂದ ಒಣಗಿದ ಪಾಚಿ ಇಣುಕುತ್ತಿತ್ತು. ಮಾರುವ ಮುಂಚೆ ಈ ಗಾಡಿಯನ್ನು ಯಾವುದೋ ತಗ್ಗು ಬಯಲಿನ ನೀರಲ್ಲಿ ಬಹಳ ಕಾಲ ನಿಲ್ಲಿಸಿದ್ದರು. ಆಮೇಲೆ ಮೇಲ್ಮೈ ತೊಳೆದು, ಒರೆಸಿ, ರಿಬ್ಬನ್ ಕಟ್ಟಿ ಅವಳ ಕೈಗೆ ಕೊಟ್ಟಿದ್ದರು. ಕೆಳಗೆ ಮಲಗಿಕೊಂಡೇ ಒಂದು ಗಳಿಗೆ ಅತ್ತಳು. ಹೊರಗೆ ಬಂದಾಗ ಕಣ್ಣಿಗೆ ತುಕ್ಕು ಬಿತ್ತು ಅಂದಳು. ಅದೂ ಸುಳ್ಳಲ್ಲವಲ್ಲ.

ಶೋರೂಮಿನ ಮ್ಯಾನೇಜರಿಗೆ ಮೈದುನ ಇಟ್ಟ ಹೆಸರು ಇಸ್ತ್ರಿ. ಅಂಗಿಯ ಗೆರೆ ಕೆಡಬಾರದೆಂದು ಆ ಮನುಷ್ಯ ಕುರ್ಚಿಯಲ್ಲೂ ನೆಟ್ಟಗೇ ಕೂರುತ್ತಿದ್ದ. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಅಮ್ಮ, ಇದು ತುಕ್ಕಲ್ಲ. ಮೇಲ್ಮೈ ಬಣ್ಣ ಬದಲಾವಣೆ ಅಷ್ಟೇ. ಎಲ್ಲಾ ಗಾಡಿಗೂ ಇರುತ್ತೆ."

"ಹೌದಾ? ಹಾಗಾದ್ರೆ ತೋರಿಸಿ. ಬನ್ನಿ, ಬಗ್ಗಿ ನೋಡಿ."

"ನೋಡೋದೇನಿದೆ? ನಂಗೊತ್ತು." ಅವನು ಬಗ್ಗಲಿಲ್ಲ. "ಒಂದು ಕೆಲಸ ಮಾಡ್ತೀನಿ. ನಿಮಗೋಸ್ಕರ ಪುಕ್ಕಟೆಯಾಗಿ ಕೆಳಗಡೆ ಕರಿ ಕೋಟಿಂಗ್ ಹೊಡೆಸಿಕೊಡ್ತೀನಿ. ಮಿರಮಿರ ಮಿಂಚುತ್ತೆ."

ಮಿರಮಿರ ಅನ್ನುವ ಮಾತು ಕೇಳಿದ್ದೇ ಮೈದುನ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ. ಕನ್ನಡಿಯಕ್ಕನಿಗೆ ಅದು ಕಂಡಿತು.

"ತುಕ್ಕೇ ಇಲ್ಲ ಅಂದ್ರಲ್ಲ, ಬಣ್ಣ ಯಾಕೆ?" ಅಂದಳು.

"ಅಯ್ಯೋ, ಅಡಿ ಯಾರು ನೋಡ್ತಾರಮ್ಮ?" ಅಂದ ಇಸ್ತ್ರಿ, ನಗುತ್ತಾ.

ಮೂಗಿಗೆ ತುಪ್ಪ ಸವರುವವರನ್ನು ಅವಳು ಬೇಕಾದಷ್ಟು ಕಂಡಿದ್ದಳು. ಈ ಮಹಾಶಯ ತುಪ್ಪದ ಬದಲು ಡಾಂಬರು ಸವರಲು ಹೊರಟಿದ್ದ. ಅವಳು ಆಗಿನಷ್ಟಕ್ಕೆ ಎದ್ದು ಬಂದಳು. ಮತ್ತೆ ಹೋದಳು. ಮತ್ತೂ ಹೋದಳು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಮನೆಯಲ್ಲಿ ಗಂಡ ಮೆತ್ತಗೆ ಶುರು ಮಾಡಿದ. ಅವನು ಒಳ್ಳೆಯವನು, ಆದರೆ ಗಾಜಿನ ಜೊತೆ ಬಾಳಿ ಬಾಳಿ ಯಾವುದನ್ನೂ ಒತ್ತಿ ಹಿಡಿಯುವ ಅಭ್ಯಾಸವೇ ತಪ್ಪಿಹೋಗಿತ್ತು. "ಇವಳೇ, ಬಿಟ್ಟುಬಿಡೋಣ. ನಾವೇ ಕೆರೆಸಿ, ಒಳ್ಳೆ ಬಣ್ಣ ಹೊಡೆಸೋಣ. ದೊಡ್ಡೋರ ಜೊತೆ ಗುದ್ದಾಡೋಕಾಗುತ್ತಾ?"

"ಹಳೇ ಗಾಡಿ ಆಗಿದ್ರೆ ಕೆರೆಸ್ತಿದ್ದೆ ರೀ. ಹೊಸದು ಅಂತ ಕೊಟ್ಟು ಕೊಳೆತದ್ದು ಕೊಟ್ಟರೆ ಯಾಕೆ ಕೆರೀಬೇಕು? ಈ ನೆಲದ ಮೇಲೆ ನಿಲ್ಲೋನು ನಿಮ್ಮ ತಮ್ಮ."

ಬಾಗಿಲ ಬಳಿಯಿಂದ ಅತ್ತೆ ಸುಮ್ಮನಿರಲಾರದೆ ಬಾಯಿ ಹಾಕಿದಳು. "ಕಣ್ಣಿಗೆ ರಾಚೋ ತುಕ್ಕನ್ನ ಇಲ್ಲ ಅಂತಾನಾ ಅವನು? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?"

ಕನ್ನಡಿಯಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಅತ್ತೆ, ಹುಣ್ಣು ಅಂಗೈಲಿಲ್ಲ. ಅಂಗಾಲಲ್ಲಿದೆ."

"ಅದಕ್ಕೆ?"

"ಅಂಗಾಲ ಹುಣ್ಣಿಗೆ ಕನ್ನಡಿ ಬೇಕೇ ಬೇಕು."

ಅಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಒಂದು ಕನ್ನಡಿ ನಿಂತಿತ್ತು. ಅದು ಗಂಡನ ಮಾನದ ಪ್ರಶ್ನೆ. ಉಡುಪಿನ ಅಂಗಡಿಯವನೊಬ್ಬ ನಿಲುವುಗನ್ನಡಿ ಬೇಕೆಂದು ಅಳತೆ ಕೊಟ್ಟಿದ್ದ. ಜೀವಮಾನದಲ್ಲಿ ಗೆರೆ ತಪ್ಪದ ಗಂಡ ಅವತ್ತು ಯಾವ ಗುಂಗಿನಲ್ಲಿದ್ದನೋ, ಎತ್ತರವನ್ನು ಅಗಲವೆಂದು, ಅಗಲವನ್ನು ಎತ್ತರವೆಂದು ತಿಳಿದು, ಮಲಗಿಸಿ ತೂಗುಹಾಕುವ ಹಾಗೆ ಕೊಕ್ಕೆಯ ತೂತು ಕೊರೆದು ಬಿಟ್ಟಿದ್ದ. ಅದರಲ್ಲಿ ಉಡುಪು ನೋಡಿಕೊಳ್ಳಬೇಕಾದವನು ಮಲಗಿಕೊಳ್ಳಬೇಕಿತ್ತು. ಅಂಗಡಿಯವನು ಬೇಡವೆಂದ. ಅಂದಿನಿಂದ ಆ ಕನ್ನಡಿಯ ಸುದ್ದಿ ಯಾರಾದರೂ ಎತ್ತಿದರೆ ಗಂಡ ಎದ್ದು ಹಿತ್ತಲಿಗೆ ಹೋಗುತ್ತಿದ್ದ.

"ರೀ, ಆ ಮಲಗೋ ಕನ್ನಡಿ ಕೊಡಿ. ಅದಕ್ಕೆ ತಕ್ಕ ಗಿರಾಕಿ ಸಿಕ್ಕಿದಾನೆ."

ಅವಳೇನು ಮಾಡಲು ಹೊರಟಿದ್ದಾಳೆಂದು ಅರ್ಥವಾದಾಗ ಗಂಡ ಹಿತ್ತಲಿಗೆ ಹೋಗಲಿಲ್ಲ. ಬಟ್ಟೆ ತಂದು ಕನ್ನಡಿಯ ಧೂಳು ಒರೆಸತೊಡಗಿದ. "ನಾನೂ ಬರ್ತೀನಿ. ಹಾಸೋವಾಗ ಅಂಚು ಒಡೆದುಬಿಟ್ಟೀರಿ" ಅಂದ.

ಮಾರನೆಯ ದಿನ ಬೆಳಗ್ಗೆ ಶೋರೂಮು ತೆರೆಯುವ ಹೊತ್ತಿಗೆ ನೀಲಿ ಪಿಕಪ್ ಅದರ ಗೇಟಿನ ಪಕ್ಕ, ಎಲ್ಲರೂ ಓಡಾಡುವ ರಸ್ತೆಯ ಅಂಚಿನಲ್ಲಿ ನಿಂತಿತ್ತು. ಗಾಡಿಯ ಅಡಿಗೆ ಉದ್ದಕ್ಕೂ ಕನ್ನಡಿ, ಮುಖ ಮೇಲೆ ಮಾಡಿ. ಎಳೆಬಿಸಿಲು ಓರೆಯಾಗಿ ಕನ್ನಡಿಗೆ ಬಿದ್ದು ಗಾಡಿಯ ಹೊಟ್ಟೆಯೆಲ್ಲ ಬೆಳಗಿತ್ತು. ಬಗ್ಗುವುದೇ ಬೇಕಿಲ್ಲ. ನಿಂತು ಕೆಳಗೆ ನೋಡಿದರೆ ಸಾಕು: ಪಟ್ಟಿ, ಸ್ಪ್ರಿಂಗ್, ಬೋಲ್ಟು, ನೀರಿನ ಗೆರೆ, ಪಾಚಿ, ಎಲ್ಲವೂ ತಮ್ಮ ತಮ್ಮ ಬಣ್ಣದಲ್ಲಿ. ಕನ್ನಡಿಯಕ್ಕ ಬಾನೆಟ್ಟಿಗೆ ಒರಗಿ ಕೈಕಟ್ಟಿ ನಿಂತಳು. ಬೋರ್ಡಿಲ್ಲ, ಕೂಗಿಲ್ಲ. ಹೋಗುವವರು ತಾವಾಗಿಯೇ ನಿಂತರು. ಕನ್ನಡಿ ಕಂಡರೆ ನೋಡದೆ ಹೋಗುವ ಮನುಷ್ಯ ಇನ್ನೂ ಹುಟ್ಟಿಲ್ಲ.

"ಎಷ್ಟು ವರ್ಷದ ಗಾಡಿ ಅಕ್ಕ?" ಎಂದೊಬ್ಬ ಕೇಳಿದ.

"ಸೀಟಿನ ಪ್ಲಾಸ್ಟಿಕ್ ನೋಡಿ ಹೇಳಿ."

ಅವನು ಸೀಟು ನೋಡಿದ, ಕನ್ನಡಿ ನೋಡಿದ, ಶೋರೂಮಿನ ಬೋರ್ಡು ನೋಡಿದ. ನಾಲಿಗೆ ಲೊಚಗುಟ್ಟಿ, ಇನ್ನೊಬ್ಬನನ್ನು ಕರೆದು ತೋರಿಸಿದ.

ಇಸ್ತ್ರಿ ಓಡಿ ಬಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ಏನೂ ಅನ್ನುವ ಮೊದಲೇ, "ಇದು ನಮ್ಮ ತಪ್ಪಲ್ಲ, ನಮ್ಮ ತಪ್ಪಲ್ಲ" ಅನ್ನುತ್ತಲೇ ಬಂದ. ಕನ್ನಡಿ ತೆಗೆಯಿರಿ ಅಂದ. ರಸ್ತೆ ನಿಮ್ಮದಾ ಅಂದಳು. ಪೊಲೀಸರನ್ನು ಕರೆಯುತ್ತೇನೆ ಅಂದ. ಕರೆಯಿರಿ, ಅವರೂ ಮುಖ ನೋಡಿಕೊಳ್ಳಲಿ ಅಂದಳು. ಅವತ್ತು ಗಾಡಿ ಕೊಳ್ಳಲು ಬಂದವರು ಒಳಗೆ ಹೋಗುವ ಮುಂಚೆ ಕನ್ನಡಿಯ ಹತ್ತಿರ ನಿಂತರು. ಕೆಲವರು ಒಳಗೆ ಹೋಗಲೇ ಇಲ್ಲ. ಬಿಸಿಲು ಏರುತ್ತಿದ್ದಂತೆ ಇಸ್ತ್ರಿಯ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಒಳಗೆ ಹೋಗಿ ಫೋನು ಮಾಡಿ ಬಂದು, ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ಅಮ್ಮ, ಆಯ್ತು. ಬೇರೆ ಹೊಸ ಗಾಡಿ ಕೊಡ್ತೀವಿ. ಇವತ್ತೇ. ಈ ಕನ್ನಡಿ ತೆಗೀರಿ, ಬೀಗದಕೈ ಕೊಡಿ, ಇದನ್ನ ಮರೆತುಬಿಡಿ."

ಗಂಡ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. ಅವಳ ಕೈಯೂ ಬೀಗದಕೈಯ ಕಡೆ ಹೋಗಿತ್ತು. ಹೋಗದೆ ಏನು? ಬೇಕಾಗಿದ್ದು ಅದೇ ತಾನೆ. ತುಕ್ಕಿಲ್ಲದ ಗಾಡಿ, ಗಟ್ಟಿ ನೆಲ. ಅಷ್ಟು ಹೊತ್ತಿನ ಬಿಸಿಲಿಗೆ ಕಾಲು ಬೇರೆ ಸೋತಿತ್ತು.

"ಇದು ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

"ಯಾವುದು?"

"ಈ ಗಾಡಿ."

"ಅದು ನಮ್ಮ ತಲೆನೋವು ಬಿಡಿ. ಕ್ಲೀನ್ ಮಾಡಿಸಿ, ಕೋಟಿಂಗ್ ಹೊಡೆಸಿ..." ಎಂದವನು ನಾಲಿಗೆ ಕಚ್ಚಿಕೊಂಡ.

ಅಲ್ಲಿಗೆ ಅವಳಿಗೆ ತಮ್ಮ ಹಳೇ ಪಿಕಪ್ ಎಲ್ಲಿಂದ ಬಂದಿತ್ತೆಂದು ಹೊಳೆಯಿತು. ಅವತ್ತು ಯಾರೋ ಹೀಗೇ ಬೀಗದಕೈ ಕೊಟ್ಟು, ಮರೆತು, ಹಗುರವಾಗಿ ಮನೆಗೆ ಹೋಗಿದ್ದರು. ಮೈದುನನ ಬೆರಳು ಆ ಮರೆವಿನ ಬೆಲೆ. ಅವಳಿಗೆ ಕೋಪ ಉಕ್ಕಿತು. ಯಾರ ಮೇಲೆ ಅಂದರೆ ಹೇಳುವುದು ಕಷ್ಟ. ಒಂದು ಪಾಲು ಈಗಷ್ಟೇ ಬೀಗದಕೈಗೆ ಚಾಚಿದ್ದ ತನ್ನ ಕೈಯ ಮೇಲೂ ಇತ್ತು.

"ರೀ, ಜೇಬಿನಲ್ಲಿರೋ ಕಡ್ಡಿ ಕೊಡಿ."

ಗಂಡ ವಜ್ರದ ಮೊನೆಯ ಕಡ್ಡಿ ತೆಗೆದುಕೊಟ್ಟ. ಅವಳು ಅದನ್ನು ಮೈದುನನ ಕಡೆ ಚಾಚಿದಳು.

"ಗಾಡಿಯ ಮುಂದಿನ ಗಾಜಿನ ಮೇಲೆ ಬರಿ. ನೀರಲ್ಲಿ ನಿಂತ ಗಾಡಿ, ಅಡಿ ನೋಡಿ ಅಂತ."

ಮೈದುನ ಕಡ್ಡಿಯನ್ನೇ ನೋಡಿದ. "ನನ್ನ ಕೈಲಿ ಆಗಲ್ಲ ಅತ್ತಿಗೆ. ಅಣ್ಣ ಬರೀಲಿ."

"ನಿಮ್ಮಣ್ಣ ನೇರ ಗೆರೆ ಎಳೀತಾರೆ. ಅಕ್ಷರ ಬರೆಯೋನು ನೀನು."

"ನೋಡಿ!" ಇಸ್ತ್ರಿಯ ಬೆಣ್ಣೆಯೆಲ್ಲ ಕರಗಿತ್ತು. "ಗಾಜಿಗೆ ಕೈ ಹಚ್ಚಿದ್ರೆ ಬೇರೆ ಗಾಡಿನೂ ಇಲ್ಲ, ಏನೂ ಇಲ್ಲ. ಇದನ್ನೇ ಇಟ್ಕೊಂಡು ಸಾಯಿರಿ!"

"ಬೀಗದಕೈ ಇನ್ನೂ ನನ್ನ ಹತ್ರ ಇದೆ. ಗಾಜು ನಂದು" ಅಂದಳು ಕನ್ನಡಿಯಕ್ಕ, ದನಿ ಏರಿಸದೆ. "ಬರಿಯೋ."

ಮೈದುನ ಬಾನೆಟ್ಟಿಗೆ ಮೊಣಕಾಲೂರಿ ಹತ್ತಿದ. ಮಡಚದ ಎರಡು ಬೆರಳನ್ನು ಗಾಜಿಗೆ ಚಾಚಿ ಒತ್ತಿ, ಉಳಿದ ಬೆರಳುಗಳಲ್ಲಿ ಕಡ್ಡಿ ಹಿಡಿದ. ಮೊದಲ ಗೆರೆ ಜಾರಿತು. ಎರಡನೆಯದು ಹಿಡಿಯಿತು. ಗಾಜು ಕಿರ್ರೆಂದಿತು. ಸುತ್ತ ನಿಂತವರು ಅಕ್ಷರ ಮೂಡುತ್ತಿದ್ದಂತೆ ಶಾಲೆಯಲ್ಲಿ ಓದುವ ಹಾಗೆ ಕೂಡಿ ಓದಿದರು. ಗಂಡ ಮಾತ್ರ ಅಕ್ಷರ ನೋಡಲಿಲ್ಲ. ತಮ್ಮನ ಕೈ ನೋಡುತ್ತಾ ನಿಂತಿದ್ದ, ಕಣ್ಣು ಒರೆಸಿಕೊಳ್ಳುವುದೂ ನೆನಪಿರಲಿಲ್ಲ.

ಗಾಜು ಬದಲಾಯಿಸಬಹುದು. ಅದು ಇಸ್ತ್ರಿಗೂ ಗೊತ್ತಿತ್ತು, ಕನ್ನಡಿಯಕ್ಕನಿಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಓದಿದವರ ಬಾಯಿ ಬದಲಾಯಿಸಲು ಬರುವುದಿಲ್ಲವಲ್ಲ. ಗುಂಪಿನಲ್ಲಿ ಒಬ್ಬ ಬ್ರೆಡ್ ಅಂಗಡಿಯವನಿದ್ದ, ಅವತ್ತು ಗಾಡಿ ಒಯ್ಯಲೆಂದೇ ಬಂದವನು. "ಮ್ಯಾನೇಜರೇ, ನನ್ನ ಗಾಡಿ ಹೊರಗೆ ತನ್ನಿ. ಅಕ್ಕ, ಆ ಕನ್ನಡಿ ಸ್ವಲ್ಪ ಅದರ ಕೆಳಗೂ ಇಡ್ತೀರಾ?" ಅಂದ. ಅವನ ಹಿಂದಿನವನು, "ನಂದಕ್ಕೂ" ಅಂದ.

ಇಸ್ತ್ರಿ ಗಾಜಿನ ಅಕ್ಷರ ನೋಡಿದ, ಬ್ರೆಡ್ಡಿನವನನ್ನು ನೋಡಿದ. ಆಮೇಲೆ, ಯಾರೂ ಹೇಳದೆ, ಗಾಡಿಯ ಪಕ್ಕ ಮಂಡಿಯೂರಿ ಬಗ್ಗಿದ. ಅಂಗಿಯ ಗೆರೆ ಮುರಿಯಿತು. ಏಳುವಾಗ ಅವನ ಮುಖದಲ್ಲಿ ಇನ್ನು ಸುಳ್ಳು ಹೇಳಿ ಲಾಭವಿಲ್ಲ ಅನ್ನುವುದು ಕಾಣುತ್ತಿತ್ತು.

"ಬೇರೆ ಗಾಡಿ ಕೊಡ್ತೀವಿ. ಇದನ್ನ ಮಾರಲ್ಲ. ತಯಾರಿಸಿದ ಕಂಪನಿಗೇ ವಾಪಸ್ ಹೋಗುತ್ತೆ."

"ಹೌದಾ?" ಕನ್ನಡಿಯಕ್ಕ ತಲೆ ವಾಲಿಸಿದಳು. "ಹಾಗಾದ್ರೆ ತೋರಿಸಿ."

ಹೊಸದಾಗಿ ಕೊಟ್ಟ ಗಾಡಿಯನ್ನು ಕನ್ನಡಿಯ ಮೇಲೆ ನಿಲ್ಲಿಸಿ ಅಡಿಯೆಲ್ಲ ನೋಡಿಕೊಂಡ ಮೇಲೂ ಅವಳು ಬೆನ್ನು ಬಿಡಲಿಲ್ಲ. ನೀಲಿ ಪಿಕಪ್ಪನ್ನು ಕಂಪನಿಯ ಲಾರಿಗೆ ಹತ್ತಿಸುವವರೆಗೂ, ಅದು ಒಂದೇ ದಿನದಲ್ಲಿ ಆಗುವ ಕೆಲಸವಲ್ಲವಾದ್ದರಿಂದ, ದಿನಾ ಬೆಳಗ್ಗೆ ಕನ್ನಡಿ ಸಮೇತ ಬಂದು ಕೈಕಟ್ಟಿ ನಿಂತಳು. ಅಕ್ಷರ ಹೊತ್ತ ಗಾಜಿನ ಸಮೇತ ಲಾರಿ ತಿರುವಿನಲ್ಲಿ ಮರೆಯಾದ ಮೇಲೆ, ಮಲಗೋ ಕನ್ನಡಿಯನ್ನು ಹಿಂದೆ ಏರಿಸಿ, ಮೈದುನ ಅದರ ಪಕ್ಕ ನಿಂತು, ಮನೆಯ ಕಡೆ ಹೊರಟರು.

ಏರುದಾರಿ ಬಂತು. ಅಭ್ಯಾಸದಂತೆ ಅವಳ ಕಣ್ಣು ಹಿಂದಿನ ಗಾಜಿಗೆ ಹೋಯಿತು. ಮೈದುನ ಗಾಜಿಗೆ ಬಾಯಿ ಹತ್ತಿರ ತಂದು ಏನೋ ಕೂಗುತ್ತಿದ್ದ. ಅವಳು ಕಿಟಕಿ ಇಳಿಸಿದಳು.

"ಅಕ್ಷರ ಸೊಟ್ಟ ಆಯ್ತು ಅತ್ತಿಗೆ!"

"ಓದೋಕೆ ಬಂತಲ್ಲ!" ಎಂದು ಅವಳೂ ಕೂಗಿದಳು. "ಮುಂದಿನ ಸಲ ಇನ್ನೂ ದೊಡ್ಡದಾಗಿ ಬರಿ!"